ಬಾಗಿಲವರೆಗಿನ ನೆಟ್, ಬಾಗಿಲೊಳಗಿನ ನೆಟ್

ಮೈಸೂರಿನ ಹೊರಬಡಾವಣೆಯೊಂದರಲ್ಲಿ 30×40 ಅಡಿಯ ಸೈಟಿನಲ್ಲಿ ಕಟ್ಟಿರುವ ನನ್ನ ಚಿಕ್ಕಪ್ಪನ ಮನೆಗೆ ಎರಡು ಅಂತಸ್ತು. ಕೆಳಗೆ ಹಾಲ್, ಅಡುಗೆಮನೆ, ಒಂದು ಮಲಗುವ ಕೋಣೆ. ಮೇಲೆ ಎರಡು ಕೋಣೆ, ಅವುಗಳಲ್ಲಿ ಹಿಂಬದಿಯದರಲ್ಲಿ ಕುಳಿತು ಅವರ ಮಗಳು ಕಂಪನಿಯ ಕೆಲಸ ಮಾಡುತ್ತಾಳೆ. ಫೈಬರ್ ಸಂಪರ್ಕ ಕೊಡಲು ಬಂದವರು ಬೀದಿಯ ಕಂಬದಿಂದ ಕೇಬಲ್ ಎಳೆದು, ಮುಂಬಾಗಿಲ ಪಕ್ಕದ ಕಿಟಕಿಯ ಚೌಕಟ್ಟಿನಲ್ಲಿ ತೂತು ಕೊರೆದು, ಅಲ್ಲಿಂದ ಕೈಗೆಟುಕುವಷ್ಟು ದೂರದಲ್ಲಿದ್ದ ಟಿವಿ ಷೋಕೇಸಿನ ಕೆಳಗಿನ ಅರೆಯಲ್ಲಿ ಡಬ್ಬಿಯನ್ನಿಟ್ಟು ಹೋಗಿದ್ದರು. ಮಹಡಿಯ ಕೋಣೆಯಲ್ಲಿ ವಿಡಿಯೋ ಕರೆ ಐದು ನಿಮಿಷಕ್ಕೊಮ್ಮೆ ತಡವರಿಸುತ್ತಿತ್ತು. ಚಿಕ್ಕಪ್ಪ 50 ಎಂಬಿಪಿಎಸ್ ಪ್ಲಾನನ್ನು 100ಕ್ಕೆ, ಆಮೇಲೆ 200ಕ್ಕೆ ಏರಿಸಿದರು. ಬಿಲ್ಲು ಏರಿತು, ಕರೆ ತಡವರಿಸುವುದು ನಿಲ್ಲಲಿಲ್ಲ. "ದುಡ್ಡು ಕೊಟ್ಟಷ್ಟು ನೆಟ್ ಬರ್ತಾ ಇಲ್ಲ ಕಣೋ" ಎಂದು ಅವರು ಕರೆಸಿಕೊಂಡಾಗ ನಾನು ಮೊದಲು ಹೇಳಬೇಕಾಗಿ ಬಂದ ಮಾತನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ: ಬಾಗಿಲವರೆಗೆ ಬರುವ ನೆಟ್ ಬೇರೆ, ಮನೆಯೊಳಗೆ ಹರಡುವ ನೆಟ್ ಬೇರೆ. ಮೊದಲನೆಯದಕ್ಕೆ ನಾವು ಹಣ ಕಟ್ಟುತ್ತೇವೆ. ಎರಡನೆಯದನ್ನು ನಾವೇ ಕಟ್ಟಿಕೊಳ್ಳಬೇಕು.

ಮನೆಯೊಳಗಿನ ಈ ಎರಡನೆಯ ಜಾಲವನ್ನೇ ಹೋಮ್ ನೆಟ್‌ವರ್ಕ್ ಎನ್ನುವುದು. ಮನೆಯ ಕಂಪ್ಯೂಟರು, ಫೋನು, ಟಿವಿ, ಪ್ರಿಂಟರು, ಸಿಸಿಟಿವಿ ರೆಕಾರ್ಡರುಗಳು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುವ ವ್ಯವಸ್ಥೆ ಅದು. ಬೀದಿಯಲ್ಲಿ ಜೆಸಿಬಿ ಕೇಬಲ್ ಕಿತ್ತುಹಾಕಿದ ದಿನವೂ ಈ ಜಾಲ ಜೀವಂತವಾಗಿಯೇ ಇರುತ್ತದೆ. ಲ್ಯಾಪ್‌ಟಾಪಿನಿಂದ ಪ್ರಿಂಟ್ ತೆಗೆಯಬಹುದು, ಒಂದು ಕಂಪ್ಯೂಟರಿನ ಫೋಟೋಗಳನ್ನು ಇನ್ನೊಂದಕ್ಕೆ ಸಾಗಿಸಬಹುದು, ಗೇಟಿನ ಕ್ಯಾಮೆರಾದ ಚಿತ್ರವನ್ನು ಟಿವಿಯಲ್ಲಿ ನೋಡಬಹುದು. "ನೆಟ್ ಹೋಗಿದೆ" ಎಂಬ ಮಾತನ್ನು ನಾವು ಎರಡೂ ಜಾಲಗಳಿಗೆ ಬಳಸುವುದರಿಂದ, ಮಹಡಿಯ ಮೆಟ್ಟಿಲ ಬಳಿ ಇರುವ ದೋಷಕ್ಕೆ ಬೀದಿಯ ಕಂಬದಲ್ಲಿ ಪರಿಹಾರ ಹುಡುಕುವಂತಾಗುತ್ತದೆ.

ಇನ್ನು ಆ ಡಬ್ಬಿಯ ವಿಷಯ. ಅದು ನೋಡಲು ಒಂದೇ ಆದರೂ ಸಾಮಾನ್ಯವಾಗಿ ಅದರೊಳಗೆ ನಾಲ್ಕು ಯಂತ್ರಗಳು ಸೇರಿಕೊಂಡಿರುತ್ತವೆ. ಹೊಸಬರ ಗೊಂದಲಕ್ಕೆಲ್ಲ ಇದೇ ಮೂಲ ಎಂಬುದು ನನ್ನ ಅನುಭವ. ಮೊದಲನೆಯದು ಒಎನ್‌ಟಿ. ಕೂದಲೆಳೆಯಂಥ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಇದರ ಕೆಲಸ. ಜಿಪಾನ್ ಎಂಬ ಪದ್ಧತಿಯಲ್ಲಿ ಒಂದೇ ಎಳೆಯ ಬೆಳಕನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಕವಲೊಡೆಸಿ ಹಂಚುತ್ತಾರೆ. ಆ ಮನೆಗಳೆಲ್ಲ ಸೇರಿ ಸುಮಾರು 2.5 ಜಿಬಿಪಿಎಸ್ (ಒಂದು ಜಿಬಿಪಿಎಸ್ ಎಂದರೆ ಸಾವಿರ ಎಂಬಿಪಿಎಸ್) ವೇಗವನ್ನು ಹಂಚಿಕೊಳ್ಳುತ್ತವೆ. ಮನೆಯ ಕಡೆಗೆ ಬರುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರು, ಮನೆಯಿಂದ ಹೋಗುವುದರದು 1310. ಎರಡೂ ಕಣ್ಣಿಗೆ ಕಾಣುವ ಬೆಳಕಲ್ಲ, ಆದ್ದರಿಂದ ಬಿಚ್ಚಿದ ಫೈಬರಿನ ತುದಿಯೊಳಗೆ ಇಣುಕಿ ನೋಡುವ ಕುತೂಹಲ ಬೇಡ. ಡಬ್ಬಿಯ ಮೇಲೆ 'ಲಾಸ್' (LOS) ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಡಬ್ಬಿಯನ್ನು ಮುಟ್ಟುತ್ತಿಲ್ಲವೆಂದು ಅರ್ಥ. ಆಗ ಮನೆಯೊಳಗೆ ಏನು ಮಾಡಿದರೂ ಪ್ರಯೋಜನವಿಲ್ಲ, ಕಂಪನಿಗೆ ದೂರು ಕೊಡುವುದೊಂದೇ ದಾರಿ. ಅದಕ್ಕೆ ಮುಂಚೆ ಒಂದನ್ನು ಮಾತ್ರ ನೋಡಿ: ಹಳದಿಯದೋ ಬಿಳಿಯದೋ ಆದ ಆ ತೆಳುವಾದ ಫೈಬರ್ ಎಳೆ ಷೋಕೇಸಿನ ಹಿಂದೆ ಎಲ್ಲಾದರೂ ಮಡಚಿಕೊಂಡಿದೆಯೇ ಎಂದು. ಕೈಬಳೆಗಿಂತ ಕಿರಿದಾದ ಸುತ್ತಿನಲ್ಲಿ ಅದನ್ನು ಬಾಗಿಸಿದರೆ ಬೆಳಕು ತಿರುವಿನಲ್ಲೇ ಸೋರಿಹೋಗಬಹುದು.

ಎರಡನೆಯದು ರೂಟರ್, ಮನೆಯ ಜಾಲಕ್ಕೂ ಹೊರಗಿನ ಜಾಲಕ್ಕೂ ನಡುವೆ ಕುಳಿತಿರುವ ಯಜಮಾನ. ಮೂರನೆಯದು ಸ್ವಿಚ್, ಅಂದರೆ ಡಬ್ಬಿಯ ಬೆನ್ನಿನಲ್ಲಿರುವ ಎರಡೋ ನಾಲ್ಕೋ ಚೌಕ ಕಿಂಡಿಗಳು. ತಂತಿಯಲ್ಲಿ ಬಂದ ಸಾಧನಗಳನ್ನು ಒಂದಕ್ಕೊಂದು ಜೋಡಿಸುವುದು ಇದರ ಕೆಲಸ. ನಾಲ್ಕನೆಯದು ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹೊರಡಿಸುವ ರೇಡಿಯೋ. ಈ ನಾಲ್ಕೂ ಒಂದೇ ಕಡೆ ಇರಲೇಬೇಕೆಂದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು: ಬಾಗಿಲ ಬಳಿ ಇರಬೇಕಾದದ್ದು ಒಎನ್‌ಟಿ ಮಾತ್ರ, ರೇಡಿಯೋ ಇರಬೇಕಾದದ್ದು ಜನ ಇರುವ ಕಡೆ.

ರೂಟರಿನ ಯಜಮಾನಿಕೆಯನ್ನು ಅರ್ಥಮಾಡಿಕೊಳ್ಳಲು ಹಳೆಯ ವಠಾರಗಳನ್ನು ನೆನಪಿಸಿಕೊಳ್ಳಿ. ಬೀದಿಯ ಲೆಕ್ಕದಲ್ಲಿ ವಠಾರಕ್ಕೆ ಇರುವುದು ಒಂದೇ ಬಾಗಿಲ ನಂಬರು. ಒಳಗೆ ಹತ್ತು ಸಂಸಾರಗಳಿದ್ದರೂ ಅವುಗಳ ಒಂದು, ಎರಡು, ಮೂರು ಎಂಬ ನಂಬರುಗಳು ವಠಾರದ ಆವರಣದೊಳಗೆ ಮಾತ್ರ ಚಲಾವಣೆಯಲ್ಲಿರುತ್ತವೆ. ಪಕ್ಕದ ಬೀದಿಯ ವಠಾರದಲ್ಲೂ ಒಂದು, ಎರಡು, ಮೂರು ಎಂಬ ಮನೆಗಳಿರುತ್ತವೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಇಂಟರ್‌ನೆಟ್ಟಿನಲ್ಲೂ ಹೀಗೆಯೇ. ಐಪಿವಿ4 ಪದ್ಧತಿಯ ವಿಳಾಸಕ್ಕೆ 32 ಬಿಟ್ ಉದ್ದ, ಆದ್ದರಿಂದ ಅದರಲ್ಲಿ ಒಟ್ಟು ಇರಬಹುದಾದ ವಿಳಾಸಗಳು ಸುಮಾರು 430 ಕೋಟಿ; ಪ್ರಪಂಚದ ಫೋನು, ಟಿವಿ, ಕ್ಯಾಮೆರಾಗಳಿಗೆಲ್ಲ ಇದು ಸಾಲದು. ಅದಕ್ಕಾಗಿ 1996ರಲ್ಲಿ ಅಂತಿಮಗೊಂಡ ನಿಯಮವೊಂದು, 10ರಿಂದ ಆರಂಭವಾಗುವ, 172.16ರಿಂದ 172.31ರವರೆಗಿನ ಮತ್ತು 192.168ರಿಂದ ಆರಂಭವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆಂದು ಮೀಸಲಿಟ್ಟಿತು. ನಿಮ್ಮ ಫೋನಿನ ವಿಳಾಸ 192.168.1.5 ಆಗಿದ್ದರೆ ಎದುರು ಮನೆಯವರ ಫೋನಿನದೂ ಅದೇ ಆಗಿರಬಹುದು.

ವಠಾರದ ಐದನೆಯ ಮನೆಯವರು ಬರೆದ ಕಾಗದ ಯಜಮಾನನ ಕೈ ದಾಟಿಯೇ ಬೀದಿಗೆ ಹೋಗಬೇಕು. ಯಜಮಾನ ಅದರ ಮೇಲೆ ವಠಾರದ ವಿಳಾಸ ಬರೆದು, ಯಾವ ಮನೆಯಿಂದ ಯಾರಿಗೆ ಕಾಗದ ಹೋಯಿತೆಂದು ತನ್ನ ಪುಸ್ತಕದಲ್ಲಿ ಗುರುತುಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಆ ಪುಸ್ತಕ ನೋಡಿ ಐದನೆಯ ಮನೆಗೆ ತಲುಪಿಸುತ್ತಾನೆ. ರೂಟರು ಮಾಡುವ ಈ ಕೆಲಸಕ್ಕೆ ನ್ಯಾಟ್ ಎಂದು ಹೆಸರು. ಇದರಿಂದ ಕೇಳದೆ ದೊರೆಯುವ ಒಂದು ಲಾಭವೂ ಇದೆ. ಯಾರೂ ಬರೆಯದ ಕಾಗದಕ್ಕೆ ಉತ್ತರವೆಂದು ಹೊರಗಿನಿಂದ ಏನಾದರೂ ಬಂದರೆ, ಪುಸ್ತಕದಲ್ಲಿ ಗುರುತಿಲ್ಲದ ಕಾರಣ ಅದು ಒಳಗೆ ಬರುವುದಿಲ್ಲ. ಆದರೆ ಇದನ್ನೇ ಪೂರ್ಣ ರಕ್ಷಣೆ ಎಂದು ತಿಳಿಯಬಾರದು. ಒಳಗಿನವರೇ ಕಳ್ಳನಿಗೆ ಕಾಗದ ಬರೆದು ಕರೆಸಿಕೊಂಡರೆ ಯಜಮಾನ ತಡೆಯಲಾರ.

ಹೊಸ ಬಾಡಿಗೆದಾರ ಬಂದಾಗ ಅವನಿಗೆ ಮನೆ ನಂಬರು ಕೊಡುವುದೂ ಯಜಮಾನನ ಹೊಣೆ. ನೀವು ಹೊಸ ಫೋನಿನಲ್ಲಿ ವೈಫೈ ಪಾಸ್‌ವರ್ಡ್ ಒತ್ತಿದ ಮರುಕ್ಷಣ, "ನನಗೊಂದು ವಿಳಾಸ ಕೊಡಿ" ಎಂದು ಫೋನು ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ. ರೂಟರಿನೊಳಗಿನ ಡಿಎಚ್‌ಸಿಪಿ ಎಂಬ ವಿಭಾಗ ಖಾಲಿಯಿರುವ ನಂಬರೊಂದನ್ನು ಹುಡುಕಿ ಒಂದು ಅವಧಿಗೆ ಬಿಟ್ಟುಕೊಡುತ್ತದೆ. ಹಲವು ರೂಟರುಗಳಲ್ಲಿ ಈ ಅವಧಿ 24 ಗಂಟೆ. ಅವಧಿ ಮುಗಿಯುವ ಮುಂಚೆ ಸಾಧನ ನವೀಕರಿಸಿಕೊಂಡರೆ ಅದೇ ನಂಬರು ಮುಂದುವರಿಯುತ್ತದೆ, ನಾಲ್ಕು ದಿನ ಆರಿಸಿಟ್ಟಿದ್ದರೆ ಬೇರೆಯವರ ಪಾಲಾಗಬಹುದು. ಮನೆಯ ಪ್ರಿಂಟರು ಒಂದು ದಿನ ಇದ್ದಕ್ಕಿದ್ದಂತೆ 'ಆಫ್‌ಲೈನ್' ಎಂದು ತೋರಿಸುವುದಕ್ಕೆ ಬಹುತೇಕ ಇದೇ ಕಾರಣ: ಪ್ರಿಂಟರು 192.168.1.7ರಿಂದ 192.168.1.11ಕ್ಕೆ ಮನೆ ಬದಲಿಸಿದೆ, ಕಂಪ್ಯೂಟರು ಇನ್ನೂ ಹಳೆಯ ಬಾಗಿಲನ್ನೇ ತಟ್ಟುತ್ತಿದೆ. ಪ್ರತಿ ಸಾಧನಕ್ಕೂ ತಯಾರಿಕೆಯಲ್ಲೇ ಕೊಟ್ಟಿರುವ 48 ಬಿಟ್‌ಗಳ ಮ್ಯಾಕ್ ವಿಳಾಸವೊಂದಿರುತ್ತದೆ. ರೂಟರಿನ ಸೆಟ್ಟಿಂಗಿನಲ್ಲಿ 'ಅಡ್ರೆಸ್ ರಿಸರ್ವೇಶನ್' ಎಂಬಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸವನ್ನು ಬರೆದು, ಅದಕ್ಕೆ ಸದಾ 192.168.1.20 ಅನ್ನೇ ಕೊಡಬೇಕೆಂದು ಹೇಳಿಬಿಟ್ಟರೆ ಈ ಕಾಟ ಮುಗಿಯುತ್ತದೆ. ಪ್ರಿಂಟರು ಮತ್ತು ಸಿಸಿಟಿವಿ ರೆಕಾರ್ಡರಿಗೆ ಇದನ್ನು ಮಾಡಿದರೆ ಸಾಕು. ಫೋನುಗಳಿಗೆ ಅಗತ್ಯವಿಲ್ಲ, ಇತ್ತೀಚಿನ ಫೋನುಗಳು ಗೌಪ್ಯತೆಗಾಗಿ ತಮ್ಮ ಮ್ಯಾಕ್ ವಿಳಾಸವನ್ನೇ ಮರೆಮಾಚುತ್ತವೆ.

ಡಿಎನ್‌ಎಸ್ ಬಗ್ಗೆ ಎರಡು ಮಾತು ಸಾಕು. ನಾವು ಟೈಪ್ ಮಾಡುವ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವ ವ್ಯವಸ್ಥೆ ಅದು. ವಾಟ್ಸಾಪ್ ಕೆಲಸ ಮಾಡುತ್ತಿದ್ದು ಯಾವ ಜಾಲತಾಣವೂ ತೆರೆಯದಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಕಂಪನಿ ಕೊಟ್ಟ ಡಿಎನ್‌ಎಸ್ ಬದಲು ಗೂಗಲಿನ 8.8.8.8 ಅಥವಾ ಕ್ಲೌಡ್‌ಫ್ಲೇರಿನ 1.1.1.1 ಅನ್ನು ರೂಟರಿನಲ್ಲಿ ಬರೆದು ಪರೀಕ್ಷಿಸಬಹುದು.

ವಠಾರದೊಳಗೊಂದು ವಠಾರ ಇರುವ ಪ್ರಸಂಗವೂ ಉಂಟು. ವಿಳಾಸಗಳ ಕೊರತೆಯಿಂದಾಗಿ ಅನೇಕ ಕಂಪನಿಗಳು ನಮ್ಮ ರೂಟರಿಗೂ ನಿಜವಾದ ಬೀದಿ ನಂಬರು ಕೊಡದೆ, ಬಡಾವಣೆಯ ನೂರಾರು ಮನೆಗಳನ್ನು ಸೇರಿಸಿ ತಮ್ಮದೇ ದೊಡ್ಡ ನ್ಯಾಟ್ ಹಿಂದೆ ಇರಿಸುತ್ತವೆ. ರೂಟರಿನ ಸ್ಟೇಟಸ್ ಪುಟದಲ್ಲಿ 'ವ್ಯಾನ್' (WAN, ಹೊರಗಿನ ಜಾಲದ ಕಡೆ) ಎಂಬುದರ ಎದುರಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವು ಅಂಥ ವಠಾರದಲ್ಲಿದ್ದೀರಿ. ದಿನಬಳಕೆಗೆ ಇದರಿಂದ ಅಡ್ಡಿಯಿಲ್ಲ. ಆದರೆ ಊರಿನಲ್ಲಿ ಕುಳಿತು ಮನೆಯ ಸಿಸಿಟಿವಿಯನ್ನು ನೇರವಾಗಿ ನೋಡಲೆಂದು 'ಪೋರ್ಟ್ ಫಾರ್ವರ್ಡಿಂಗ್' (ಹೊರಗಿನಿಂದ ಬಂದ ಕಾಗದವನ್ನು ಇಂಥ ಮನೆಗೇ ಕೊಡು ಎಂದು ಯಜಮಾನನಿಗೆ ಮೊದಲೇ ಹೇಳಿಡುವುದು) ಮಾಡಲು ಹೊರಟವರು ಎಷ್ಟು ತಿಣುಕಾಡಿದರೂ ಅದು ನಡೆಯುವುದಿಲ್ಲ, ತಪ್ಪು ಅವರದಲ್ಲ. ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕ ನೋಡುವುದು, ಇಲ್ಲವೇ ಹೆಚ್ಚು ಹಣ ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಬೀದಿ ನಂಬರು ಪಡೆಯುವುದು ಸಾಮಾನ್ಯ ದಾರಿಗಳು.

ಇಷ್ಟು ತಿಳಿದ ಮೇಲೆ ಕೆಲಸಕ್ಕೆ ಕೈಹಾಕೋಣ. ಚಿಕ್ಕಪ್ಪನ ಮನೆಯಲ್ಲಿ ನಾನು ಮೊದಲು ಮಾಡಿದ್ದು, ವೈಫೈಯನ್ನು ಪಕ್ಕಕ್ಕಿಟ್ಟು ಲ್ಯಾಪ್‌ಟಾಪನ್ನು ತಂತಿಯಲ್ಲೇ ಡಬ್ಬಿಗೆ ಸಿಕ್ಕಿಸಿ ವೇಗ ಅಳೆದದ್ದು. 200ರ ಪ್ಲಾನಿಗೆ 94 ಎಂಬಿಪಿಎಸ್ ಬಂತು. ಮತ್ತೊಮ್ಮೆ ಅಳೆದರೂ 94. ಈ ಕೆಲಸ ಮಾಡುವವರಿಗೆ 94 ಎಂಬ ಅಂಕಿ ಹಳೆಯ ಪರಿಚಯದ ಮುಖ. ಸಾಧನಗಳನ್ನು ತಂತಿಯಲ್ಲಿ ಜೋಡಿಸುವ ಇಥರ್ನೆಟ್ ಕೇಬಲಿನೊಳಗೆ ಎಂಟು ತಂತಿಗಳು, ನಾಲ್ಕು ಜೋಡಿಯಾಗಿ ಹೆಣೆದುಕೊಂಡಿರುತ್ತವೆ. 100 ಎಂಬಿಪಿಎಸ್ ವೇಗಕ್ಕೆ ಎರಡು ಜೋಡಿ ಸಾಕು, ಒಂದು ಜಿಬಿಪಿಎಸ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100ಕ್ಕೆ ಬೇಡದ ಇನ್ನೆರಡು ಜೋಡಿಗಳಲ್ಲಿ ಒಂದು ತಂತಿ ತುಂಡಾದರೆ ಎರಡು ತುದಿಯ ಯಂತ್ರಗಳು ಸಾಮಾನ್ಯವಾಗಿ ತಕರಾರೆತ್ತದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಅದರಲ್ಲಿ ವ್ಯವಸ್ಥೆಯ ಸ್ವಂತ ಖರ್ಚು ಕಳೆದರೆ ಉಳಿಯುವುದು ಹೆಚ್ಚುಕಡಿಮೆ 94. ಡಬ್ಬಿಯ ಕಿಂಡಿಯೇ 100ರದಾಗಿದ್ದರೂ ಇದೇ ಅಂಕಿ ಬರುತ್ತದೆ, ಕಡಿಮೆ ಬೆಲೆಯ ಡಬ್ಬಿಗಳಲ್ಲಿ ಅದು ಅಪರೂಪವೇನಲ್ಲ. ಇಲ್ಲಿ ದೋಷವಿದ್ದದ್ದು ಕೇಬಲಿನಲ್ಲಿ: ಪ್ಲಗ್ಗಿನ ಹಿಂದೆ ಇಲಿ ಕಚ್ಚಿದ ಗುರುತಿತ್ತು. ಕೇಬಲ್ ಬದಲಿಸಿದ ತಕ್ಷಣ ವೇಗ 190 ದಾಟಿತು. ಅಂದರೆ ಕಂಪನಿ ಕೊಡಬೇಕಾದದ್ದನ್ನು ಬಾಗಿಲವರೆಗೆ ಕೊಡುತ್ತಲೇ ಇತ್ತು.

ಇಲ್ಲೇ ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕಂಪನಿಯ ಎಂಬಿಪಿಎಸ್ ಎನ್ನುವುದು ಸೆಕೆಂಡಿಗೆ ಇಷ್ಟು ಮೆಗಾಬಿಟ್; ನಾವು ಇಳಿಸಿಕೊಳ್ಳುವ ಕಡತದ ಗಾತ್ರವಿರುವುದು ಮೆಗಾಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು, ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಗರಿಷ್ಠ 12.5 ಮೆಗಾಬೈಟ್ ಮಾತ್ರ ಇಳಿಯುತ್ತದೆ. ಇದು ಮೋಸವಲ್ಲ, ಸೇರಿಗೂ ಪಾವಿಗೂ ಇರುವಂಥ ಅಳತೆಯ ವ್ಯತ್ಯಾಸ.

ಮಹಡಿಯ ಕೋಣೆಗೆ ತಂತಿ ಎಳೆಯಲೇಬೇಕೆಂದು ನಾನು ಹಟ ಹಿಡಿದೆ. ಕದಲದೆ ಒಂದೇ ಕಡೆ ಇರುವ ಸಾಧನಕ್ಕೆ ತಂತಿ, ಕೈಯಲ್ಲಿ ಹಿಡಿದು ಓಡಾಡುವ ಸಾಧನಕ್ಕೆ ವೈಫೈ ಎಂಬುದು ನಾನು ಬಿಡದೆ ಪಾಲಿಸುವ ವಿಭಜನೆ. 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ರೂಪಿಸಿದ ಇಥರ್ನೆಟ್‌ಗೆ ಐವತ್ತು ವರ್ಷ ದಾಟಿದೆ. ಈಗಲೂ ಸ್ಥಿರತೆಯಲ್ಲಿ ವೈಫೈ ಅದರ ಸಮಕ್ಕೆ ಬರುವುದಿಲ್ಲ. ಗೋಡೆ ಒಡೆಯಬೇಕಲ್ಲ ಎಂದು ಚಿಕ್ಕಮ್ಮ ಆತಂಕಪಟ್ಟರು. ಆದರೆ ಮನೆ ಕಟ್ಟುವಾಗ ತಾರಸಿಯ ಡಿಶ್ ಆಂಟೆನಾಗೆಂದು ಗೋಡೆಯೊಳಗೆ ಹಾಕಿಸಿದ್ದ ಪೈಪು, ಅದರೊಳಗೆ ಈಗ ಯಾರೂ ಬಳಸದ ಕಪ್ಪು ಕೇಬಲ್ ಇದ್ದವು. ಆ ಹಳೆಯ ಕೇಬಲಿನ ತುದಿಗೆ ಕ್ಯಾಟ್ 6 ದರ್ಜೆಯ ಹೊಸ ಇಥರ್ನೆಟ್ ಕೇಬಲನ್ನು ಟೇಪಿನಿಂದ ಬಿಗಿಯಾಗಿ ಸುತ್ತಿ, ಕೆಳಗಿನಿಂದ ಒಬ್ಬರು ನಿಧಾನವಾಗಿ ಉಣಿಸುತ್ತಾ ಮೇಲಿನಿಂದ ಒಬ್ಬರು ಎಳೆದಾಗ ಇಪ್ಪತ್ತು ನಿಮಿಷದಲ್ಲಿ ಕೇಬಲ್ ಮಹಡಿ ಸೇರಿತ್ತು. ಹೊಸದಾಗಿ ಮನೆ ಕಟ್ಟುತ್ತಿರುವವರು ಪ್ಲಾಸ್ಟರಿಗೆ ಮುಂಚೆಯೇ ಪ್ರತಿ ಕೋಣೆಗೂ ಒಂದು ಖಾಲಿ ಪೈಪು ಹಾಕಿಸಿ, ಒಳಗೊಂದು ದಾರ ಬಿಟ್ಟಿರಿ. ಕರೆಂಟಿನ ವೈರು ಇರುವ ಪೈಪಿನಲ್ಲಿ ಮಾತ್ರ ಇದನ್ನು ತೂರಿಸಬೇಡಿ.

ಕೇಬಲಿನ ತುದಿಗೆ ಪಾರದರ್ಶಕ ಪ್ಲಗ್ ಕೂರಿಸುವುದಕ್ಕೆ ಕ್ರಿಂಪಿಂಗ್ ಎನ್ನುತ್ತಾರೆ. ಹೊರಗಿನ ಸಿಪ್ಪೆಯನ್ನು ಹೆಬ್ಬೆರಳಿನ ಉಗುರಿನ ಉದ್ದದಷ್ಟು ಮಾತ್ರ ಸುಲಿದು, ಜೋಡಿಗಳ ಹೆಣಿಗೆ ಬಿಚ್ಚಿ, ಕಿತ್ತಳೆ ಪಟ್ಟೆಯ ಬಿಳಿ, ಕಿತ್ತಳೆ, ಹಸಿರು ಪಟ್ಟೆಯ ಬಿಳಿ, ನೀಲಿ, ನೀಲಿ ಪಟ್ಟೆಯ ಬಿಳಿ, ಹಸಿರು, ಕಂದು ಪಟ್ಟೆಯ ಬಿಳಿ, ಕಂದು ಎಂಬ ಕ್ರಮದಲ್ಲಿ ಎಂಟನ್ನೂ ಸಾಲಾಗಿಸಿ, ತುದಿ ಸಮವಾಗಿ ಕತ್ತರಿಸಿ ಪ್ಲಗ್ಗಿನೊಳಗೆ ತಳ್ಳಬೇಕು. ನೀಲಿಯ ಜೋಡಿ ಹಸಿರು ಜೋಡಿಯ ನಡುವೆ ನುಸುಳಿಕೊಂಡಿರುವುದನ್ನು ಗಮನಿಸಿ. ಹೊಸಬರು ತಪ್ಪುವುದು ಇಲ್ಲಿಯೇ. ಎರಡೂ ತುದಿಯಲ್ಲಿ ಕ್ರಮ ಒಂದೇ ಇರಬೇಕು. ಬೇಸರವೆನಿಸಿದರೆ ಅಂಗಡಿಯಲ್ಲೇ ಎರಡೂ ಕಡೆ ಪ್ಲಗ್ ಹಾಕಿಸಿಕೊಂಡು ಬರಬಹುದು, ಆದರೆ ಪ್ಲಗ್ ಇರುವ ಕೇಬಲ್ ಕಿರಿದಾದ ಪೈಪಿನಲ್ಲಿ ತೂರುವುದಿಲ್ಲ. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದನ್ನೇ ಕೇಳಿ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲುಗಳೂ ಮಾರುಕಟ್ಟೆಯಲ್ಲಿವೆ. ತುದಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಒಂದೇ ಕೇಬಲನ್ನು 100 ಮೀಟರಿಗಿಂತ ಉದ್ದ ಎಳೆಯುವಂತಿಲ್ಲ, ಮನೆಗಳಲ್ಲಿ ಆ ಪ್ರಶ್ನೆ ಬರುವುದೂ ಅಪರೂಪ.

ಇನ್ನು ಗಾಳಿಯಲ್ಲಿ ಹೋಗುವ ವೈಫೈ. ಇದಕ್ಕೆ ಮುಖ್ಯವಾಗಿ ಎರಡು ಹಾದಿಗಳಿವೆ. 2.4 ಗಿಗಾಹರ್ಟ್ಸ್‌ನ ಅಲೆಗೆ ಸುಮಾರು 12 ಸೆಂಟಿಮೀಟರ್ ಉದ್ದ. ಅದು ಗೋಡೆಗಳನ್ನು ಒಂದಿಷ್ಟು ಸಲೀಸಾಗಿ ದಾಟಿ ದೂರ ಹೋಗುತ್ತದೆ, ಆದರೆ ಅದರಲ್ಲಿ ಜನಸಂದಣಿ ಹೆಚ್ಚು. 5 ಗಿಗಾಹರ್ಟ್ಸ್‌ನ ಅಲೆಗೆ ಅದರ ಅರ್ಧದಷ್ಟು ಉದ್ದ. ಹಾದಿ ಅಗಲ, ವೇಗ ಹೆಚ್ಚು, ಆದರೆ ಎರಡು ಗೋಡೆ ದಾಟುವುದರೊಳಗೆ ಸುಸ್ತಾಗುತ್ತದೆ. ನಮ್ಮ ಆರ್‌ಸಿಸಿ ಛಾವಣಿಯೊಳಗಿನ ಕಬ್ಬಿಣದ ಸರಳುಗಳ ಬಲೆ, ಕರಾವಳಿಯ ಮನೆಗಳ ದಪ್ಪನೆಯ ಮುರಕಲ್ಲಿನ ಗೋಡೆ, ಮಲಗುವ ಕೋಣೆಯ ಉಕ್ಕಿನ ಬೀರು, ನೀರು ತುಂಬಿದ ಟ್ಯಾಂಕು, ಅಷ್ಟೇ ಏಕೆ, ಆಳೆತ್ತರದ ಕನ್ನಡಿಯೂ ಇದಕ್ಕೆ ಅಡ್ಡಿ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲೇ ಆದ್ದರಿಂದ ಹಾಲು ಬಿಸಿಯಾಗುವ ಎರಡು ನಿಮಿಷ ವೈಫೈ ಮಂಕಾಗುವುದುಂಟು.

ಅಲೆಯ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ, ಫೋನಿನ ಉಚಿತ ಆ್ಯಪುಗಳು ಇದನ್ನು ತೋರಿಸುತ್ತವೆ. ಅಂಕಿಗಳು ಋಣಾತ್ಮಕ: ಮೈನಸ್ 50 ಇದ್ದರೆ ಬಹಳ ಚೆನ್ನ, ಮೈನಸ್ 67ರವರೆಗೆ ವಿಡಿಯೋ ಕರೆ ನೆಮ್ಮದಿಯಾಗಿ ನಡೆಯುತ್ತದೆ, ಮೈನಸ್ 80 ಎಂದರೆ ಹೆಸರಿಗಷ್ಟೇ ಸಂಪರ್ಕ. ಹತ್ತು ಅಂಕಿ ಇಳಿದರೆ ಬಲ ಹತ್ತನೆಯ ಒಂದಂಶಕ್ಕೆ ಇಳಿಯಿತೆಂದು ಲೆಕ್ಕ. ಡಬ್ಬಿ ಷೋಕೇಸಿನ ಕೆಳಗಿದ್ದಾಗ ಮಹಡಿಯ ಕೋಣೆಯಲ್ಲಿ ಸಿಕ್ಕಿದ್ದು ಮೈನಸ್ 81. ಡಬ್ಬಿಯನ್ನು ಷೋಕೇಸಿನ ನೆತ್ತಿಯ ಮೇಲೆ, ಟಿವಿಯ ಬೆನ್ನಿನಿಂದ ಈಚೆಗೆ ತಂದಿಟ್ಟ ಮಾತ್ರಕ್ಕೆ ಅದು ಮೈನಸ್ 74ಕ್ಕೆ ಬಂತು. ಒಂದು ರೂಪಾಯಿ ಖರ್ಚಿಲ್ಲದ ರಿಪೇರಿ ಇದು.

ವೈಫೈಯ ಪ್ರತಿ ಹಾದಿಯಲ್ಲೂ ಚಾನೆಲ್ ಎಂಬ ಓಣಿಗಳಿವೆ, ಒಂದು ಚಾನೆಲ್ಲಿನ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬೇಕು. ಗ್ರಾಮಸಭೆಯಲ್ಲಿ ಇರುವ ಒಂದೇ ಮೈಕಿನ ಹಾಗೆ, ಬೇರೆಯವರು ಮಾತನಾಡುತ್ತಿದ್ದರೆ ಪ್ರತಿ ಸಾಧನವೂ ಕಾದು, ಸದ್ದಡಗಿದ ಮೇಲೆ ತನ್ನ ಸರದಿ ಹಿಡಿಯುತ್ತದೆ. ಪಕ್ಕದ ಮನೆಯ ವೈಫೈ ಅದೇ ಚಾನೆಲ್ಲಿನಲ್ಲಿದ್ದರೆ ಅವರ ಸಿನಿಮಾ ಮುಗಿಯುವವರೆಗೆ ನಮ್ಮ ಫೋನೂ ನಡುನಡುವೆ ಕಾಯಬೇಕಾಗುತ್ತದೆ. 2.4ರ ಹಾದಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6, 11 ಎಂಬ ಮೂರೇ. ಆ್ಯಪಿನಲ್ಲಿ ನೋಡಿ ಈ ಮೂರರಲ್ಲಿ ಯಾವುದು ಖಾಲಿಯಿದೆಯೋ ಅದನ್ನು ಆರಿಸಿ. ಜಾಣತನವೆಂದು 3ನ್ನೋ 8ನ್ನೋ ಆರಿಸಿದವರು ಎರಡೂ ಕಡೆಯವರ ಗಲಾಟೆ ಕೇಳಿಸಿಕೊಳ್ಳುತ್ತಾರೆ.

ಮಹಡಿಗೆ ಎಳೆದ ತಂತಿಯ ತುದಿಗೆ ಎಂಟು ಕಿಂಡಿಯ ಒಂದು ಗಿಗಾಬಿಟ್ ಸ್ವಿಚ್ ಇಟ್ಟು, ಅದರಿಂದ ಮಗಳ ಕಂಪ್ಯೂಟರಿಗೆ ಒಂದು ಕೇಬಲ್ ಕೊಟ್ಟೆ. ಅಲ್ಲಿಯೇ ಫೋನುಗಳಿಗಾಗಿ ಅಟ್ಟದಲ್ಲಿದ್ದ ಹಳೆಯ ರೂಟರೊಂದನ್ನು ಸಿಕ್ಕಿಸಿದೆ, ಎಡವಟ್ಟಾದದ್ದೂ ಅಲ್ಲಿಯೇ. ಸಂಜೆಯ ಹೊತ್ತಿಗೆ ಅರ್ಧ ಸಾಧನಗಳಲ್ಲಿ "ಸಂಪರ್ಕವಿದೆ, ಇಂಟರ್‌ನೆಟ್ ಇಲ್ಲ" ಎಂಬ ಸೂಚನೆ. ಎರಡು ರೂಟರುಗಳ ವಿಳಾಸವೂ 192.168.1.1 ಆಗಿತ್ತು, ಎರಡೂ ತಾನೇ ಯಜಮಾನ ಎಂದುಕೊಂಡು ನಂಬರು ಹಂಚುತ್ತಿದ್ದವು. ಚಿಕ್ಕಪ್ಪನ ಫೋನಿಗೂ ಟಿವಿಗೂ ಒಂದೇ ನಂಬರು ಸಿಕ್ಕಿತ್ತು. ನನ್ನಂಥವನೇ ಮರೆತದ್ದರಿಂದ ಕ್ರಮವನ್ನು ಬಿಡಿಸಿ ಹೇಳುತ್ತೇನೆ. ಎರಡನೆಯ ರೂಟರನ್ನು ಜಾಲಕ್ಕೆ ಸೇರಿಸುವ ಮುಂಚೆ, ಅದೊಂದನ್ನೇ ಲ್ಯಾಪ್‌ಟಾಪಿಗೆ ಜೋಡಿಸಿ ಸೆಟ್ಟಿಂಗಿನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ, ಡಿಎಚ್‌ಸಿಪಿಯನ್ನು ಆಫ್ ಮಾಡಿ, ಕೇಬಲನ್ನು ಅದರ ವ್ಯಾನ್ ಕಿಂಡಿಗೆ ಹಾಕದೆ ಲ್ಯಾನ್ (LAN, ಮನೆಯೊಳಗಿನ ಜಾಲದ) ಕಿಂಡಿಗೆ ಹಾಕಿ. ವೈಫೈ ಹೆಸರು ಮತ್ತು ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆಬೇರೆ ಇರಲಿ. ಮೆಟ್ಟಿಲು ಹತ್ತುವಾಗ ಯಾವಾಗ ಇತ್ತಲಿನದನ್ನು ಬಿಟ್ಟು ಅತ್ತಲಿನದನ್ನು ಹಿಡಿಯಬೇಕೆಂದು ಫೋನೇ ತೀರ್ಮಾನಿಸುತ್ತದೆ.

ತಂತಿ ಎಳೆಯಲು ಸಾಧ್ಯವೇ ಇಲ್ಲದ ಬಾಡಿಗೆ ಮನೆಗಳಲ್ಲಿ ಎಕ್ಸ್‌ಟೆಂಡರ್ ಅಥವಾ ಮೆಶ್ ಎಂಬ ಉಪಾಯಗಳಿವೆ. ಒಂದೇ ರೇಡಿಯೋ ಇರುವ ಅಗ್ಗದ ಎಕ್ಸ್‌ಟೆಂಡರ್ ಕೇಳಿಸಿಕೊಂಡದ್ದನ್ನೇ ಮತ್ತೆ ಕೂಗಿ ಹೇಳುತ್ತದೆ, ಹೀಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸಂಕೇತ ಸತ್ತುಹೋಗಿರುವ ಮೂಲೆಯಲ್ಲಿ ಅದನ್ನಿಟ್ಟು ಬೈಯುವವರೇ ಹೆಚ್ಚು. ಇಡಬೇಕಾದದ್ದು ಸಂಕೇತ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ. ಹಲವು ಡಬ್ಬಿಗಳು ಒಂದಕ್ಕೊಂದು ಮಾತನಾಡಿಕೊಂಡು ಮನೆಯಿಡೀ ಒಂದೇ ವೈಫೈ ಹರಡುವ ಮೆಶ್ ಇದಕ್ಕಿಂತ ಉತ್ತಮ, ಬೆಲೆಯೂ ಹೆಚ್ಚು. ಮೆಶ್ ಡಬ್ಬಿಗಳ ನಡುವೆಯೂ ತಂತಿ ಎಳೆಯಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಏರ್ಪಾಡು ಮನೆಗೆ ಬೇಕಿಲ್ಲ.

ಭದ್ರತೆಯ ವಿಷಯದಲ್ಲಿ ಹೊಸಬರು ಬೆರೆಸಿಬಿಡುವ ಎರಡು ಪಾಸ್‌ವರ್ಡುಗಳಿವೆ. ವೈಫೈ ಪಾಸ್‌ವರ್ಡ್ ಮನೆಯೊಳಗೆ ಬರಲು. ಅಡ್ಮಿನ್ ಪಾಸ್‌ವರ್ಡ್ ರೂಟರಿನ ಸೆಟ್ಟಿಂಗನ್ನೇ ತಿದ್ದಲು. ಎರಡನೆಯದನ್ನು ಡಬ್ಬಿಯ ಜೊತೆ ಬಂದಂತೆಯೇ ಬಿಟ್ಟವರ ಸಂಖ್ಯೆ ದೊಡ್ಡದು. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಿಂದ ಬಂದ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತಾ ಮನೆಗಳ ಕ್ಯಾಮೆರಾ, ರೂಟರುಗಳನ್ನು ಭಾರೀ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರಿನಲ್ಲಿ ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಅವುಗಳನ್ನು ಛೂಬಿಟ್ಟಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಾದವು. ಆದ್ದರಿಂದ ಅಡ್ಮಿನ್ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಗೂಢಲಿಪಿಯ ಆಯ್ಕೆಯಲ್ಲಿ 2018ರಲ್ಲಿ ಬಂದ ಡಬ್ಲ್ಯೂಪಿಎ3 ಇದ್ದರೆ ಅದು, ಹಳೆಯ ಫೋನುಗಳು ಒಪ್ಪದಿದ್ದರೆ ಡಬ್ಲ್ಯೂಪಿಎ2 ಇರಲಿ. ಪಾಸ್‌ವರ್ಡ್ ಒತ್ತದೆ ವೈಫೈ ಸೇರಲೆಂದು ಇರುವ ಡಬ್ಲ್ಯೂಪಿಎಸ್ ಎಂಬ ಎಂಟು ಅಂಕಿಯ ಪಿನ್ ಸೌಲಭ್ಯವನ್ನು ಮುಚ್ಚಿ. ಆ ಪಿನ್ನನ್ನು ರೂಟರು ಎರಡು ತುಂಡಾಗಿ ಪರಿಶೀಲಿಸುತ್ತದೆ, ಕೊನೆಯ ಅಂಕಿಯಂತೂ ಉಳಿದವುಗಳ ಲೆಕ್ಕದಿಂದಲೇ ಬರುತ್ತದೆ. ಹೀಗಾಗಿ ಕೋಟಿಗಟ್ಟಲೆ ಎಂದು ಕಾಣುವ ಸಾಧ್ಯತೆಗಳು ನಿಜಕ್ಕೂ 11,000ಕ್ಕೆ ಇಳಿಯುತ್ತವೆ ಎಂಬುದು 2011ರಲ್ಲೇ ಬಯಲಾಗಿದೆ. ನೆಂಟರಿಗೆ, ಮತ್ತು ನೆಂಟರಷ್ಟೇ ನಂಬಿಕೆಗೆ ಅರ್ಹವಾದ ಅಗ್ಗದ ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳಿಗೆ 'ಗೆಸ್ಟ್ ನೆಟ್‌ವರ್ಕ್' ತೆರೆದುಕೊಡಿ. ಅದು ಜಗಲಿಯಿದ್ದಂತೆ: ಇಂಟರ್‌ನೆಟ್ ಸಿಗುತ್ತದೆ, ಒಳಮನೆಯ ಕಂಪ್ಯೂಟರು ಕಾಣುವುದಿಲ್ಲ.

ಕರೆಂಟು ಮತ್ತು ಸಿಡಿಲಿನ ಮಾತು ಬೇರೆ ದೇಶದ ಕೈಪಿಡಿಗಳಲ್ಲಿ ಸಿಗುವುದು ಕಡಿಮೆ, ನಮಗೆ ಅದು ಮುಖ್ಯ. ಇನ್ವರ್ಟರ್ ಇದ್ದರೂ ಅದು ಬದಲಾಗುವ ಅರೆಕ್ಷಣದಲ್ಲಿ ಕೆಲವು ಡಬ್ಬಿಗಳು ಆರಿ, ಮತ್ತೆ ಎದ್ದು ಕೂರಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತವೆ. ಹೆಚ್ಚಿನ ಡಬ್ಬಿಗಳಿಗೆ ಬೇಕಾದದ್ದು 12 ವೋಲ್ಟ್. ಅದನ್ನೇ ನೇರವಾಗಿ ಕೊಡುವ ಅಂಗೈಯಗಲದ ಮಿನಿ ಯುಪಿಎಸ್ ಹಾಕಿದರೆ ಈ ಕಿರಿಕಿರಿ ತಪ್ಪುತ್ತದೆ, ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟೇಜು, ಆಂಪಿಯರು ಹೊಂದುತ್ತವೆಯೇ ಎಂದು ನೋಡಿಕೊಂಡು ಕೊಳ್ಳಿ. ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ ಗಾಜಿನ ಎಳೆ ತಾನಾಗಿ ಸಿಡಿಲನ್ನು ಒಳಗೆ ತರದು, ಆದರೆ ಅದಕ್ಕೆ ಬಲ ಕೊಡಲು ಜೊತೆಗಿರುವ ಉಕ್ಕಿನ ತಂತಿ ತರಬಲ್ಲದು. ಆ ತಂತಿಯನ್ನು ಹೊರಗಿನ ಕೊಂಡಿಗೆ ಕಟ್ಟಿ ಅಲ್ಲಿಯೇ ಕತ್ತರಿಸಿ, ಫೈಬರನ್ನಷ್ಟೇ ಒಳಗೆ ಬಿಡಲು ಲೈನ್‌ಮ್ಯಾನಿಗೆ ಹೇಳಿ. ಮಲೆನಾಡಿನ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಕ್ಯಾಮೆರಾಗೆಂದು ಅಂಗಳದ ಮೇಲೆ ತಾಮ್ರದ ಕೇಬಲ್ ಎಳೆಯುವುದನ್ನು ನೋಡಿದ್ದೇನೆ, ಒಂದು ಸಿಡಿಲಿಗೆ ಎರಡೂ ತುದಿಯ ಯಂತ್ರಗಳು ಸುಟ್ಟದ್ದನ್ನೂ ನೋಡಿದ್ದೇನೆ. ಎರಡು ಕಟ್ಟಡಗಳ ನಡುವೆ ಫೈಬರೇ ಸರಿ.

ಕೊನೆಗೆ, ತೊಂದರೆ ಬಂದಾಗ ಅದು ಬಾಗಿಲ ಆಚೆಯದೋ ಈಚೆಯದೋ ಎಂದು ತಿಳಿಯುವ ಬಗೆ. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ (ping) ಎಂಬ ಆಜ್ಞೆಯ ಮುಂದೆ ನಿಮ್ಮ ರೂಟರಿನ ವಿಳಾಸವನ್ನು (ಚಿಕ್ಕಪ್ಪನ ಮನೆಯಲ್ಲಿ 192.168.1.1) ಬರೆದು ಎಂಟರ್ ಒತ್ತಿ. ಇದು ರೂಟರನ್ನು ಕೂಗಿ "ಇದ್ದೀಯಾ?" ಎಂದು ಕೇಳಿದಂತೆ. ತಂತಿಯಲ್ಲಿದ್ದರೆ ಉತ್ತರ ಒಂದು ಮಿಲಿಸೆಕೆಂಡಿನೊಳಗೆ, ಒಳ್ಳೆಯ ವೈಫೈಯಲ್ಲಿ ಹತ್ತರೊಳಗೆ ಬರುತ್ತದೆ. ಇಲ್ಲೇ 200, 400 ಎಂದು ಕುಣಿಯುತ್ತಿದ್ದರೆ ಅಥವಾ ಉತ್ತರವೇ ಬಾರದಿದ್ದರೆ ದೋಷ ಮನೆಯೊಳಗಿನದು, ಕಂಪನಿಗೆ ಫೋನು ಮಾಡಿ ಫಲವಿಲ್ಲ. ಇದು ಸರಿಯಿದ್ದು, ಪಿಂಗ್ ಮುಂದೆ 8.8.8.8 ಬರೆದಾಗ ಉತ್ತರ ಬಾರದಿದ್ದರೆ ದೋಷ ಬಹುತೇಕ ಬಾಗಿಲಾಚೆಯದು. ಎರಡೂ ಸರಿಯಿದ್ದು ಜಾಲತಾಣ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ನೋಡಿ.

ಚಿಕ್ಕಪ್ಪನ ಮನೆಯ ಷೋಕೇಸಿನ ಬಾಗಿಲ ಒಳಮೈಗೆ ಈಗ ಒಂದು ಹಾಳೆ ಅಂಟಿಸಿದೆ. ಕೆಳಗಿನ ರೂಟರು 1, ಮಹಡಿಯದು 2, ಪ್ರಿಂಟರು 20, ಸಿಸಿಟಿವಿ 21 ಎಂಬ ಕೊನೆಯ ಅಂಕಿಗಳು, ಡಬ್ಬಿಯ ಯಾವ ಕಿಂಡಿಯ ಕೇಬಲ್ ಎಲ್ಲಿಗೆ ಹೋಗುತ್ತದೆ ಎಂಬುದು, ಗೆಸ್ಟ್ ವೈಫೈಯ ಪಾಸ್‌ವರ್ಡು, ಕಂಪನಿಯ ದೂರಿನ ನಂಬರು ಅದರಲ್ಲಿವೆ. ಅಡ್ಮಿನ್ ಪಾಸ್‌ವರ್ಡನ್ನು ಅಲ್ಲಿ ಬರೆಯದೆ ಚಿಕ್ಕಮ್ಮನ ಹಾಲಿನ ಲೆಕ್ಕದ ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇವೆ. ಪ್ಲಾನನ್ನು ಮತ್ತೆ 100ಕ್ಕೆ ಇಳಿಸಿದ್ದಾರೆ.